ಸಿಹಿಯಿಲ್ಲದ ಶುಗರ್

ಹೈದರಾಬಾದಿನಲ್ಲಿ ಕಂಡಕಂಡವರೆಲ್ಲ ಸಾಫ್ಟ್‌ವೇರ್ ಕಲಿಯುತ್ತಿದ್ದ ಆ ಕಾಲದಲ್ಲಿ ನನಗೆ ಶುಗರ್ ಬಂತು.

ಚಹಾಕ್ಕೆ ಸಕ್ಕರೆ ಬಿಟ್ಟೆ. ಬೇಗಂ ಬಜಾರಿನಿಂದ ಬೆಲ್ಲ ತರಿಸುವುದನ್ನೂ ನಿಲ್ಲಿಸಿದೆ. ಹಸಿವಾದರೆ ಇನ್ನೊಂದು ಜೋಳದ ರೊಟ್ಟಿ, ಅಷ್ಟೆ. ಆದರೂ ಬ್ಲಡ್ ರಿಪೋರ್ಟ್ ಪ್ರತಿ ಸಲವೂ ಮೊದಲಿಗಿಂತ ಕೆಟ್ಟದ್ದೇ. ಡಿಫೆನ್ಸ್ ಕಾರ್ಖಾನೆಯಿಂದ ರಿಟೈರಾಗಿದ್ದ ನಮ್ಮ ಮನೆಯವರು ಅದನ್ನು ಮಡಚುತ್ತ, "ಖರೇ ಹೇಳು. ಸುಲ್ತಾನ್ ಬಜಾರಕ್ಕ ಬ್ಲೌಸ್ ಪೀಸ್ ತರಾಕ ಹೋದಾಗ ಜಿಲೇಬಿ ತಿಂದು ಬರ್ತಿ, ಹೌದಿಲ್ಲೋ?" ಎಂದರು.

"ದೇವರಾಣಿ ಇಲ್ಲರಿ."

"ಹಂಗಾದ್ರ ಸಕ್ರಿ ಏನು ಮುಗಲಿಂದ ಬಿತ್ತೇನು?"

ಶುಗರ್ ಇರಲಿ, ಇಷ್ಟು ವರ್ಷ ಜೊತೆಗಿದ್ದವರು ನನ್ನ ಮಾತು ನಂಬಲಿಲ್ಲವಲ್ಲ, ಅದು ಚುಚ್ಚುತ್ತಿತ್ತು.

ಮಹಡಿಯ ಬಾಡಿಗೆ ಹುಡುಗಿ ಮೈಸೂರಿನವಳು, ಬಯೋಕೆಮಿಸ್ಟ್ರಿ ಓದಿ ಸಾಫ್ಟ್‌ವೇರಿಗೆ ಬಂದವಳು. ನನ್ನ ಅಳಲು ಕೇಳಿ ನಕ್ಕುಬಿಟ್ಟಳು.

"ಆಂಟೀ, ರೊಟ್ಟೀಲಿರೋದೆಲ್ಲಾ ಸ್ಟಾರ್ಚೇ. ಗ್ಲೂಕೋಸ್ ಮಣಿ ಪೋಣಿಸಿದ ಸರ ಅದು. ಹೊಟ್ಟೆಗೆ ಹೋದ್ಮೇಲೆ ಸರ ಕಿತ್ತುಹೋಗತ್ತೆ, ಅಷ್ಟೆ."

ಸ್ಟಾರ್ಚ್! ಕಾನ್ವೆಂಟಿನಲ್ಲಿ ಸಿಸ್ಟರ್ ಬಾಯಿಪಾಠ ಮಾಡಿಸಿದ್ದ ಶಬ್ದ. ಅಯೋಡಿನ್ ಹಾಕಿದರೆ ಬ್ಲೂ-ಬ್ಲ್ಯಾಕ್. ಫುಲ್ ಮಾರ್ಕ್ಸ್ ತೆಗೆದಿದ್ದೆ. ಆದರೆ ಮನೆಯಲ್ಲಿ ಸ್ಟಾರ್ಚ್ ಎಂದರೆ ಕಾಟನ್ ಸೀರೆಯ ಗಂಜಿ. ಅದು ರೊಟ್ಟಿಯೊಳಗೂ ಕೂತಿದೆ ಎಂದು ಹೊಳೆದೇ ಇರಲಿಲ್ಲ. ಅವಳಿಗೂ ಹಾಗೆಂದೆ.

"ಆ ಸೀರೆಯೂ ಗ್ಲೂಕೋಸೇ ಆಂಟಿ. ಹತ್ತಿ ಅಂದ್ರೆ ಸೆಲ್ಯುಲೋಸ್. ಮಣಿ ಅದೇ, ಗಂಟು ಬೇರೆ. ಆ ಗಂಟು ಬಿಚ್ಚೋಕೆ ನಮ್ಮ ಹೊಟ್ಟೆಗೆ ಬರಲ್ಲ."

"ಅಂದ್ರ ಇಷ್ಟು ದಿನ ಸಕ್ರಿಗೆ ಸಕ್ರಿ ಹಚ್ಚಿ ಇಸ್ತ್ರಿ ಮಾಡಾಕತ್ತೀನೇನವಾ?"

ತಲೆ ಗಿರ್ರೆಂದಿತು. ಸಿಹಿಯೇ ಇಲ್ಲದ್ದು ಸಕ್ಕರೆ ಹೇಗಾದೀತು?

"ಒಂದು ತುಂಡು ರೊಟ್ಟಿ ನುಂಗದೆ ಅಗೀತಾ ಇರಿ, ಸರ ಕೀಳೋದು ಬಾಯಿಯ ಎಂಜಲಲ್ಲೇ ಶುರುವಾಗತ್ತೆ," ಎಂದಳು. ಅಗಿದೆ. ಎಲ್ಲಿಂದಲೋ, ಮೆಲ್ಲಗೆ, ಸಿಹಿ.

ಮಧ್ಯಾಹ್ನ ಮನೆಯವರ ತಾಟಿಗೆ ಪಲ್ಯ ಬಡಿಸದೆ ಬರೀ ರೊಟ್ಟಿ ಇಟ್ಟೆ. "ನುಂಗಬ್ಯಾಡ್ರಿ. ಸುಮ್ನ ಅಗೀರಿ."

ಅಗಿದರು, ಅಗಿದರು. "ಏ, ಇದಕ್ಕ ಬೆಲ್ಲ ಹಾಕೀಯೇನು?"

"ಇದೇ ರೀ ನನ್ನ ಜಿಲೇಬಿ."

ಬಾಯಲ್ಲಿದ್ದ ತುತ್ತು ನುಂಗಿದರು. ಆಮೇಲೆ, "ತಪ್ಪಾತು ನಂದು," ಎಂದು ನನ್ನ ತಾಟಿನಲ್ಲಿದ್ದ ಎರಡನೆಯ ರೊಟ್ಟಿಯನ್ನು ಎತ್ತಿ ತಮ್ಮ ತಾಟಿಗೆ ಹಾಕಿಕೊಂಡರು. ಮರುದಿನವೂ ಹಾಗೆಯೇ.

ಕೇಸು ಗೆದ್ದೆನೋ ಸೋತೆನೋ, ಐ ಆಮ್ ಸ್ಟಿಲ್ ಕನ್‌ಫ್ಯೂಸ್ಡ್. ಉಳಿದ ಒಂದೇ ರೊಟ್ಟಿಯನ್ನು ಈಗ ಸಿಹಿ ಬರುವವರೆಗೂ ಅಗಿಯುತ್ತೇನೆ.