ಶಾಮಿನ ಶೀಶೆಗೆ ನಮ್ಮ ಬೂದಿ

ನಮ್ಮ ಮನೆಯಲ್ಲಿ ಗಾಜಿಗೆ ಒಂದೇ ಸಂಸ್ಕಾರ: ಬೂದಿ. ಸಂಜೆ ದೀಪ ಹಚ್ಚುವ ಮೊದಲು ಕಂದೀಲಿನ ಗಾಜನ್ನು ಬೂದಿಯಿಂದ ಒರೆಸಬೇಕೆಂಬುದು ನಾನು ಹಾಕಿದ ಕಟ್ಟಳೆ. ಭಾಲ್ಕಿಯ ಜನ ನನ್ನನ್ನು ನೋಡಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಾರೆಂದು ನಾನು ನಂಬಿದ್ದೇನೆ. ಹಾಗೆಂದು ಯಾರೂ ಹೇಳಿಲ್ಲ.

ಆದರೂ ನೆರೆಮನೆಯ ಖಾದರಸಾಹೇಬರು ನನ್ನ ಶಿಸ್ತನ್ನು ನಂಬಿ ಒಂದು ಶೀಶೆ ತಂದುಕೊಟ್ಟರು. ಯಾತ್ರೆಗೆ ಹೋಗಿದ್ದ ಅವರ ತಂದೆ ಶಾಮ್, ಅಂದರೆ ಸಿರಿಯಾ ದೇಶದಿಂದ ತಂದದ್ದು. ಈಗ ಆ ತಂದೆಯಿಲ್ಲ. ಬರುವ ಶುಕ್ರವಾರ ಬೀದರಿನಲ್ಲಿ ಸಾಹೇಬರ ಮಗಳ ನಿಕಾಹ್. ಅಜ್ಜನ ಶೀಶೆಯಲ್ಲಿ ಅತ್ತರು ತುಂಬಿ ಅವಳ ಕೈಗಿಡಬೇಕೆಂಬುದು ಅವರ ಆಸೆ.

"ನಮ್ಮ ಮನ್ಯಾಗ ಬರೇ ಗದ್ದಲರಿ ಮಾಸ್ತರ. ಹುಡುಗ್ರ ಕೈಗೆ ಸಿಕ್ರ ಖತಂ. ಶುಕ್ರವಾರತನ ನಿಮ್ಮ ಅಲಮಾರ್ಯಾಗ ಇರ್ಲಿ."

ಹಿಡಿಯಷ್ಟು ಶೀಶೆ. ರೂಮಿನ, ಅಂದರೆ ರೋಮಿನ, ಬಾದಶಹರು ಶಾಮನ್ನು ಆಳುತ್ತಿದ್ದ ಕೊನೆಗಾಲದಲ್ಲಿ ಯಾವನೋ ಕೆಲಸಗಾರ ಕಬ್ಬಿಣದ ಕೊಳವೆಯ ತುದಿಗೆ ಕಾದ ಗಾಜನ್ನೆತ್ತಿ ಊದಿದ್ದು. ಆಮೇಲೆ ಶತಮಾನಗಟ್ಟಲೆ ಮಣ್ಣಿನಲ್ಲಿ ಮಲಗಿ ಅದರ ಮೈಮೇಲೆ ನವಿಲುಗರಿಯ ಬಣ್ಣದ ಪೊರೆ ಬಂದಿತ್ತು. ನಮ್ಮ ಬೀದರ ಕೋಟೆಯ ಮಣ್ಣು ಬಿದ್ರಿ ಪಾತ್ರೆಯನ್ನು ಗಳಿಗೆಯಲ್ಲಿ ಕಪ್ಪಾಗಿಸುತ್ತದೆ. ಶಾಮಿನ ಮಣ್ಣಿಗೆ ಅಂಥ ಅವಸರವಿಲ್ಲ. ಆ ಪೊರೆಯೋ, ಉಗುರು ತಾಗಿದರೆ ಉದುರುವಂಥದ್ದು.

ಶುಕ್ರವಾರ ಬೆಳಿಗ್ಗೆ ಅಲಮಾರಿ ತೆರೆದೆ. ಸುತ್ತಿಟ್ಟ ಹತ್ತಿ ಇತ್ತು, ಶೀಶೆ ಇರಲಿಲ್ಲ.

ಹಿತ್ತಲಿಗೆ ಹೋದರೆ ನನ್ನ ಅಕ್ಕ ಚೆನ್ನವ್ವ ಬಾವಿಯ ಬಳಿ ಕಲ್ಲಿನ ಮೇಲೆ ಕುಳಿತಿದ್ದಳು. ಒಂದು ಕೈಯಲ್ಲಿ ಶೀಶೆ, ಇನ್ನೊಂದರಲ್ಲಿ ಬೂದಿ ಮೆತ್ತಿದ ತೆಂಗಿನ ನಾರು. ಹೊರಗಿನ ಪಾತ್ರೆ ತಿಕ್ಕದೆ ಮನೆಯೊಳಗೆ ಇರಕೂಡದೆಂಬುದು ಅವಳ ಕಟ್ಟಳೆ. ನನ್ನ ಕಟ್ಟಳೆಗಳಿಗಿಂತ ಹಳೆಯದು.

ಕೂಗಿದರೆ ಬೆಚ್ಚಿ ಕೈಬಿಡುತ್ತಾಳೆ. ಮೆಲ್ಲಗೆ ಹೇಳಿದರೆ ವಾದಕ್ಕಿಳಿಯುತ್ತಾಳೆ. ಅಕ್ಕ ವಾದಿಸುವುದು ಎರಡೂ ಕೈ ಬೀಸಿ. ಸುಮ್ಮನಿದ್ದರೆ ನಾರು ಕರಕರ ಎನ್ನುತ್ತಲೇ ಇತ್ತು.

ದೇವರಮನೆಗೆ ಓಡಿದೆ. ಪೂಜೆಯ ಗಂಟೆ ಎತ್ತಿ ಬಾರಿಸಿದೆ.

ಗಂಟೆ ಕೇಳಿದರೆ ಅಕ್ಕ ಕೈಯಲ್ಲಿ ಏನೇ ಇರಲಿ, ನೆಲಕ್ಕಿಟ್ಟು ಕಣ್ಣುಮುಚ್ಚಿ ಕೈಮುಗಿಯುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕಿದರೂ ಅಷ್ಟೇ. ಆದರೆ ಗಂಟೆ ನಿಂತರೆ ಕಣ್ಣು ತೆರೆಯುತ್ತಾಳೆ. ಹಾಗಾಗಿ ಬಾರಿಸುತ್ತಲೇ ಹಿತ್ತಲಿಗೆ ಬಂದೆ, ಒದ್ದೆ ಕಲ್ಲಿನ ಮೇಲೆ ಹೆಜ್ಜೆ ಊರುತ್ತ ಬಗ್ಗಿದೆ, ಎಡಗೈಯಿಂದ ಶೀಶೆ ಎತ್ತಿಕೊಂಡೆ. ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಶೀಶೆ ಒಯ್ಯಲು ಬಂದ ಖಾದರಸಾಹೇಬರು. ಗಂಟೆ ನಿಂತಿತು.

"ಪೂಜಿ ಮುಗ್ದು ತಾಸಾತಲ್ಲೋ ಶಿವಲಿಂಗಾ! ತಲಿ ನೆಟ್ಟಗದ ಇಲ್ಲ?" ಎಂದಳು ಅಕ್ಕ.

ನಾನು ಶೀಶೆಯನ್ನು ಸಾಹೇಬರ ಕೈಗಿಟ್ಟೆ. ಒಂದು ಬದಿಯಲ್ಲಿ ಹೆಬ್ಬೆರಳಗಲ ನವಿಲುಬಣ್ಣ ಪೂರಾ ಹೋಗಿ, ತಿಳಿಹಸಿರು ಗಾಜು ಕಾಣುತ್ತಿತ್ತು. ಅದರೊಳಗೆ ಒಂದು ಸಣ್ಣ ಗಾಳಿಗುಳ್ಳೆ.

"ನೋಡ್ರಿ ಸಾಹೇಬ್ರ, ಹೊಲಸು ಹ್ಯಾಂಗ ಹೋಗ್ಯದ! ಇಂವ ಗಂಟಿ ಹೊಡೀದಿದ್ರ ಪೂರಾ ಲಖಲಖ ಮಾಡ್ತಿದ್ದೆ."

ಸಾಹೇಬರು ಶೀಶೆಯನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. "ಛಲೋ ಆತು ಅಕ್ಕಾ. ಅತ್ತರ ಎಷ್ಟು ಉಳದದ ಅಂತ ನನ್ನ ಮಗಳಿಗೆ ಕಾಣ್ತದ."

ಅದು ಸಮಾಧಾನವೋ ಬರೀ ಮರ್ಯಾದೆಯೋ ತಿಳಿಯದೆ ಬೀದರಿನತನಕ ಗಾಡಿಯಲ್ಲಿ ಚಡಪಡಿಸಿದೆ. ನಿಕಾಹ್ ಮುಗಿದ ಮೇಲೆ ಸಾಹೇಬರೇ ಹೇಳಿದರು: ಹುಡುಗಿ ಎಲ್ಲಕ್ಕಿಂತ ಮೊದಲು ಆ ತಿಳಿಗಾಜಿಗೆ ಕಣ್ಣು ಹಚ್ಚಿ ಒಳಗೆ ಇಣುಕಿದಳಂತೆ, ಅಜ್ಜ ಅಲ್ಲೇ ಇದ್ದಾನೇನೋ ಎಂಬಂತೆ.

ಗಂಟೆ ಕೇಳಿದರೆ ಅಕ್ಕ ಈಗಲೂ ಕೈಯಲ್ಲಿದ್ದುದನ್ನು ನೆಲಕ್ಕಿಡುತ್ತಾಳೆ. ಆದರೆ ಕಣ್ಣು ಮುಚ್ಚುವ ಮೊದಲು ಅದರ ಮೇಲೊಂದು ಬುಟ್ಟಿ ಮುಚ್ಚುತ್ತಾಳೆ.