ಬಿಸಿಲಿನ ಹಾಜರಿ

ಸುಳ್ಳು ಹೇಳುವವರನ್ನು ಹೊಗಳಿ ಬರೆದುಬಿಟ್ಟರೆ? ಹಿರೇನಲ್ಲೂರಿಗೆ ಹೊರಟ ಮೊದಲ ಬಸ್ಸಿನಲ್ಲಿ ಕೂತು ಡೈರಿಯಲ್ಲಿ ಈ ಒಂದೇ ಸಾಲು ಬರೆದಿದ್ದೇನೆ. ಕೃಷಿ ಕೇಂದ್ರದ ಮೇಲ್ವಿಚಾರಕ ರುದ್ರಮೂರ್ತಿ ನಿನ್ನೆ ಫೋನಿನಲ್ಲಿ ನಕ್ಕಿದ್ದರು. "ಬಿಸಿಲು ಅಳೆಯೋ ಹುಲಿಯಮ್ಮನ ಬಗ್ಗೆ ಪೇಪರ್‌ಗೆ ಬರೀತೀರಾ? ಹೊಸ ಯಂತ್ರಕ್ಕಿಂತ ದಿನಾ ಎರಡು ಗಂಟೆ ಜಾಸ್ತಿ ಬಿಸಿಲು ತೋರಿಸ್ತಾಳೆ. ಊದುಬತ್ತೀಲಿ ಕಾರ್ಡ್ ಸುಡ್ತಾಳೆ ಅಂತ ಅನುಮಾನ. ನಾಳೆ ಕೆಲಸದಿಂದ ಬಿಡಿಸ್ತೀನಿ."

ಬೆಳಗಿನ ಆರೂವರೆ. ಕೃಷಿ ಕೇಂದ್ರದ ತಂತಿಬೇಲಿಯೊಳಗೆ ಹುಲಿಯಮ್ಮ ಗಾಜಿನ ಗುಂಡಿನ ಮೇಲಿನ ಇಬ್ಬನಿಯನ್ನು ಸೆರಗಿನಿಂದ ಒರೆಸುತ್ತಾರೆ. ಗುಂಡಿನ ಹಿಂದೆ ರಟ್ಟಿನ ಕಾರ್ಡೊಂದನ್ನು ಸಿಕ್ಕಿಸುತ್ತಾರೆ. ಬಿಸಿಲಿದ್ದಷ್ಟು ಹೊತ್ತು ಗುಂಡು ಕಾರ್ಡಿನ ಮೇಲೆ ಗೆರೆ ಸುಡುತ್ತದೆ, ಮೋಡ ಬಂದರೆ ಗೆರೆ ನಿಲ್ಲುತ್ತದೆ. ಹತ್ತೊಂಬತ್ತು ವರ್ಷದ ಕೆಲಸವಿದು, ಹಬ್ಬಕ್ಕೂ ರಜೆಯಿಲ್ಲ.

"ಸೂರ್ಯಾನೂ ಒಂದು ನಕ್ಷತ್ರವೇ ಅಂತೆ ಕಣವ್ವ, ಹಳೇ ಸಾಹೇಬ್ರು ಹೇಳೋರು. ಅಲ್ಲಿಂದ ಹೊಂಟ ಬೆಳಕು ಇಲ್ಲಿಗೆ ಬರಾಕೆ ಎಂಟು ನಿಮಿಷ ಬೇಕಂತೆ. ರಾಗಿ, ತೆಂಗು, ನಾನು, ನೀನು, ಎಲ್ರೂ ಉಣ್ಣೋದು ಅದನ್ನೇ. ಅಷ್ಟು ದೂರದಿಂದ ಬಂದೋನಿಗೆ ಹಾಜರಿ ಹಾಕ್ದೆ ಇರಾಕಾಯ್ತದಾ?"

ಮಾತು ಚೆನ್ನಾಗಿದೆ. ಆದರೆ ಅವರ ಚೀಲದಿಂದ ಊದುಬತ್ತಿಯ ಕಟ್ಟು ಇಣುಕುತ್ತಿದೆ. ಅದರತ್ತ ಬೆರಳು ತೋರಿಸುತ್ತೇನೆ.

"ಇದ್ಯಾಕೆ?"

"ಮೂಡೋ ಹೊತ್ತಿಗೆ ಒಂದು ಹಚ್ತೀನಿ, ಅವನಿಗೆ. ಯಾಕವ್ವ, ಪೊಲೀಸಿನೋರ ಥರ ನೋಡ್ತೀಯ?"

ಒಂದು ಖಾಲಿ ಕಾರ್ಡು ಕೇಳಿ ಪಡೆದು, ಉರಿಯುವ ಊದುಬತ್ತಿಯಿಂದ ಗೆರೆ ಎಳೆದು ನೋಡುತ್ತೇನೆ. ಬರುವುದು ಬರೀ ತೂತು, ತೂತು. ಹುಲಿಯಮ್ಮ ಸೊಂಟಕ್ಕೆ ಕೈಯಿಟ್ಟು ನಗುತ್ತಾರೆ. ಆಮೇಲೆ ತಗಡಿನ ಪೆಟ್ಟಿಗೆಯಿಂದ ನಿನ್ನೆಯ ಕಾರ್ಡು ತೆಗೆದು ಪಕ್ಕಕ್ಕಿಡುತ್ತಾರೆ. ಬೆಳಿಗ್ಗೆ ದಾರದಂತೆ ಸಣ್ಣಗೆ ಶುರುವಾದ ಗೆರೆ ಮಧ್ಯಾಹ್ನ ದಪ್ಪಗಾಗಿ, ಸಂಜೆಗೆ ಮತ್ತೆ ದಾರವಾಗಿದೆ. ಇದನ್ನು ಯಾವ ಕೈಯೂ ಬರೆಯಲಾರದು.

ಹಾಗಾದರೆ ಯಂತ್ರ? ಪಕ್ಕದ ಕಂಬದ ತುದಿಯಲ್ಲಿರುವ ಅದರತ್ತ ಕತ್ತೆತ್ತುತ್ತೇನೆ. ಅದರ ಗಾಜಿನ ಮುಖದ ತುಂಬ ಹಕ್ಕಿಗಳ ಹಿಕ್ಕೆ, ಒಣಗಿ ಸುಣ್ಣದಂತಾಗಿದೆ.

"ಇದನ್ನ ಒರೆಸಲ್ವಾ?"

"ಮುಟ್ಟಬ್ಯಾಡ ಅಂತ ಬೋರ್ಡು ಹಾಕವ್ರಲ್ಲ! ಹೇಳಿದ್ರೆ, ನಿಂಗೇನು ಗೊತ್ತು ಸುಮ್ಕಿರು, ಕೆಲ್ಸ ಬಿಡಿಸ್ತೀನಿ ಅಂದ್ರು ಈಗಿನ ಸಾಹೇಬ್ರು. ಬಿಡ್ಸೋದಾದ್ರೆ ಬಿಡ್ಸಲಿ ಕಣವ್ವ. ಇವತ್ತಿನ ಕಾರ್ಡ್ ಮಾತ್ರ ಸಂಜೆ ನಾನೇ ತೆಗೀಬೇಕು."

ಹತ್ತು ಗಂಟೆಗೆ ರುದ್ರಮೂರ್ತಿಯವರ ಬೈಕು ಬಂದು ನಿಲ್ಲುತ್ತದೆ. "ಏನಮ್ಮ, ಸಿಕ್ಕಿಬಿದ್ಲಾ?"

ಹುಲಿಯಮ್ಮ ನನ್ನನ್ನು ನೋಡುತ್ತಿಲ್ಲ, ಗುಂಡನ್ನು ಇನ್ನೊಮ್ಮೆ ಒರೆಸುತ್ತಿದ್ದಾರೆ. ಕಾರ್ಡಿನ ಮೇಲೆ ಹೊಸ ಗೆರೆ ಹೊಗೆಯಾಡುತ್ತಿದೆ.

"ಇವರ ಕಾರ್ಡು ಸರಿಯಾಗಿದೆ, ಸರ್," ನನ್ನ ದನಿ ನನಗೇ ಜೋರಾಗಿ ಕೇಳುತ್ತದೆ. "ಮುಖ ತೊಳೀಬೇಕಾಗಿರೋದು ನಿಮ್ಮ ಯಂತ್ರ."