ಪ್ರೊಜೆಕ್ಟರಿನೊಳಗಿನ ಮೂರು ಗೆರೆ

ನನ್ನ ಕೈಯ ಬಗ್ಗೆ ಭಾವನವರು ಆಡಿದ ಮಾತನ್ನು ನಾನು ಮರೆತಿಲ್ಲ. ಅಕ್ಕನ ಮದುವೆಯಾದ ವರ್ಷ, ಮಹಾನವಮಿ ಕಳೆದ ಮೂರನೆಯ ದಿನ, ಆದೋನಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಂಧುಗಳೆಲ್ಲ ಜಮಖಾನೆಯ ಮೇಲೆ ಕುಳಿತಿದ್ದಾಗ ಅವರು ಅದನ್ನು ಆಡಿದರು. ಮದುವೆಯ ಫಿಲ್ಮು ಮದರಾಸಿನಲ್ಲಿ ತೊಳೆಸಿಕೊಂಡು ಬಂದು ಒಂದು ವಾರವಾಗಿತ್ತು. ತಂದೆಯವರು ಹತ್ತಿ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದಾಗ ತಂದಿದ್ದ ಪುಟ್ಟ ಪ್ರೊಜೆಕ್ಟರಿಗೆ ಅದನ್ನು ಪೋಣಿಸಿದವನು ನಾನು. ದೀಪ ಹತ್ತಿತು, ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಚಿತ್ರ ಬಿತ್ತು, ಬಿದ್ದದ್ದೇ ಕುಣಿಯತೊಡಗಿತು. ಚೌಕಟ್ಟು ಜಾರಿ, ಮದುಮಗನ ಬಾಸಿಂಗ ಕೆಳಗೆ, ಪಾದ ಮೇಲೆ.

“ಮಷಿನ್ ಚೊಲೊ ಐತಿ. ನಡಸಾವನ ಕೈ ಚೊಲೊ ಇಲ್ಲ,” ಎಂದರು ಹೊಸ ಅಳಿಯ.

ಎಲ್ಲರೂ ನಕ್ಕರು. ನಕ್ಕವರು ಹದಿನಾಲ್ಕು ಜನ. ಯಾರು ಎಲ್ಲಿ ಕುಳಿತಿದ್ದರೆಂದು ಈಗಲೂ ಹೇಳಬಲ್ಲೆ. ಭಾವನವರು ಪ್ರೊಜೆಕ್ಟರಿಟ್ಟ ಮೇಜಿಗೆ ಮೊಣಕಾಲು ಆನಿಸಿ ಕುಳಿತದ್ದೇ ಆ ಕುಣಿತಕ್ಕೆ ಕಾರಣವೆಂದು ಅಂದಿನಿಂದ ಇಂದಿನವರೆಗೆ ನಾನು ಬಂಧುಗಳಿಗೆ ಹೇಳಿಕೊಂಡು ಬಂದಿದ್ದೇನೆ. ಪ್ರೊಜೆಕ್ಟರನ್ನೂ ಫಿಲ್ಮನ್ನೂ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿದೆ. ಕೈ ಚೆನ್ನಾಗಿಲ್ಲವೆಂದ ಮೇಲೆ ಆ ಕೈಯಿಂದ ಯಾರೂ ಏನನ್ನೂ ನೋಡಬೇಕಾಗಿರಲಿಲ್ಲ.

ಈ ವರ್ಷ ಆಲೂರಿನಿಂದ ಅಕ್ಕ ಫೋನು ಮಾಡಿದಳು.

“ತಮ್ಮಾ, ಕಣ್ಣಿನ ಆಪರೇಷನ್ ಆತು. ಈಗ ಪೂರಾ ಚಂದ ಕಾಣಸ್ತೈತಿ. ಎಲ್ಲಾರ ಮದಿವಿ ನೋಡೀನಿ, ನನ್ನ ಮದಿವಿ ನಾನೇ ನೋಡಿಲ್ಲ. ಅವತ್ತು ತಲಿ ಬಗ್ಗಿಸಿ ಕುಂತಾಕಿ, ಬರೇ ನನ್ನ ಕಾಲುಂಗುರ ನೋಡೀನಿ. ಐತವಾರ ಬರ್ತೀವಿ. ಆ ಫಿಲ್ಮ್ ಹಾಕು.”

“ಭಾವನೂ ಬರ್ತಾರೇನು?”

“ಬರದೆ ಇರ್ತಾರೇನು? ಅದು ಅವರ ಮದಿವೀನೂ ಹೌದು.”

ಫಿಲ್ಮನ್ನು ಹೈದರಾಬಾದಿಗೆ ಕಳಿಸಿದರೆ ಮೊಬೈಲಿಗೆ ಇಳಿಸಿ ಕೊಡುತ್ತಾರೆಂದು ನನ್ನ ಮಗಳು ಸೂಚಿಸಿದಳು. ಮೊಬೈಲಿನಲ್ಲಿ ಚಿತ್ರ ನೆಟ್ಟಗೆ ನಿಂತರೆ ಅದು ಮೊಬೈಲಿನ ಹಿರಿಮೆ. ನನ್ನ ಕೈಯ ಮೇಲಿನ ಮಾತು ಇದ್ದಲ್ಲೇ ಇರುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಕೆಳಗಿಳಿಸಿದೆ.

ಮೊದಲ ದಿನ ಮೋಟಾರು ಗುಂಯ್ ಎಂದಿತೇ ಹೊರತು ಏನೂ ತಿರುಗಲಿಲ್ಲ. ಹಿಂಬದಿಯ ಮುಚ್ಚಳ ಬಿಚ್ಚಿದರೆ ರಬ್ಬರಿನ ಬೆಲ್ಟು ಬೇಸಿಗೆಯ ಬೆಲ್ಲದಂತೆ ಕರಗಿ ಚಕ್ರಕ್ಕೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದು, ಅಳತೆ ಹಿಡಿದು, ರೇಡಿಯೊ ರಿಪೇರಿ ಅಂಗಡಿಗೆ ಹೋದೆ.

“ಇದನ್ನ ತೂಕಕ್ಕ ಹಾಕ್ರಿ ಸಾರ್. ರಿಪೇರಿ ಮಾಡೋ ವಸ್ತು ಅಲ್ಲ ಇದು,” ಎಂದ ಅಂಗಡಿಯವನು. ಆ ಮಾತನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಅವನಿಂದಲೇ ಹಳೆಯ ಟೇಪ್ ರೆಕಾರ್ಡರಿನ ಬೆಲ್ಟೊಂದನ್ನು ಕೊಂಡು ತಂದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದು ಕುಳಿತುಕೊಂಡಿತು. ಎರಡನೆಯ ದಿನ ದೀಪ ಹತ್ತಲಿಲ್ಲ. ಬಲ್ಬಿನಲ್ಲಿ ದೋಷವಿರಲಿಲ್ಲ, ಅದರ ಬುಡದ ಹಿತ್ತಾಳೆ ಕಿಲುಬು ಹಿಡಿದಿತ್ತು. ಉಜ್ಜಿದೊಡನೆ ಹತ್ತಿತು.

ಅಕ್ಕನ ಮದುವೆಯನ್ನು ಪರೀಕ್ಷೆಗೊಡ್ಡುವಷ್ಟು ಅವಿವೇಕಿಯಲ್ಲ ನಾನು. ತಂದೆಯವರು ಹತ್ತಿ ಬಂಡಿಗಳನ್ನು ಚಿತ್ರೀಕರಿಸಿದ್ದ ಹಳೆಯ ಸುರುಳಿಯೊಂದನ್ನು ಪೋಣಿಸಿದೆ. ಎತ್ತಿನ ಕೊಂಬು ಕೆಳಗೆ, ಗೊರಸು ಮೇಲೆ. ಅದೇ ಕುಣಿತ. ಈ ಸಲ ಮೇಜಿನ ಬಳಿ ಯಾರ ಮೊಣಕಾಲೂ ಇರಲಿಲ್ಲ.

ಫಿಲ್ಮು ದೀಪದ ಮುಂದೆ ಹಾದುಹೋಗುವ ಕಿರಿದಾದ ಸಂದಿಗೆ ಗೇಟು ಎನ್ನುತ್ತಾರೆ. ಅದರ ಮೇಲೂ ಕೆಳಗೂ ಫಿಲ್ಮು ಸಡಿಲವಾಗಿ ಬಾಗಿರಬೇಕು, ಇಲ್ಲವಾದರೆ ಚಿತ್ರ ಜಿಗಿಯುತ್ತದೆ. ನಾನು ಬಿಟ್ಟ ಬಾಗು ಸರಿಯಾಗಿಯೇ ಇತ್ತು. ಹಾಗಾದರೆ ದೋಷ ಗೇಟಿನ ಒಳಗೇ ಇರಬೇಕೆಂದು ಅದರ ಪುಟ್ಟ ಬಾಗಿಲನ್ನು ತೆರೆದು ಟಾರ್ಚು ಬಿಟ್ಟೆ. ಫಿಲ್ಮನ್ನು ಒತ್ತಿ ಹಿಡಿಯುವ ತಗಡಿನ ಮೇಲೆ ಬೆಳ್ಳಗೆ ಏನೋ ಗಟ್ಟಿಕಟ್ಟಿತ್ತು. ಬೂಷ್ಟೆಂದುಕೊಂಡು ಕನ್ನಡಕ ಒರೆಸಿ ಮತ್ತೆ ನೋಡಿದೆ. ಒಂದರ ಕೆಳಗೊಂದು, ಅಡ್ಡಡ್ಡ, ಮೂರು ಗೆರೆ.

ಯಾರ ಬೆರಳಿನವೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಹಾನವಮಿಯಂದು ನಮ್ಮಲ್ಲಿ ತಕ್ಕಡಿಯಿಂದ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಒದ್ದೆ ವಿಭೂತಿ ಬಳಿಯಬೇಕೆಂಬುದು ತಂದೆಯವರ ಕಟ್ಟಪ್ಪಣೆ. ಆ ವರ್ಷ ಬಳಿದವನು ನಾನು. ಹೊಸ ಯಂತ್ರದ ಹೊರಮೈಯ ಬಣ್ಣ ಕೆಟ್ಟೀತೆಂದು, ಯಾರಿಗೂ ಕಾಣದಂತೆ ಒಳಬಾಗಿಲು ತೆರೆದು ಬಳಿದಿದ್ದೆ. ಅಷ್ಟು ಎಚ್ಚರಿಕೆ ವಹಿಸಿದ್ದೆ.

ಬೇವಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ ಒರೆಸಿದೆ. ಲೋಹದ ಮೊನೆ ತಗಡನ್ನು ಗೀರುತ್ತದೆ. ಚೂರುಚೂರಾಗಿ ಉದುರಿದ ವಿಭೂತಿಯನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಕಾಗದದಲ್ಲಿ ಕಟ್ಟಿಟ್ಟೆ. ಬಂಡಿಯ ಎತ್ತುಗಳು ನೆಟ್ಟಗೆ ನಡೆದವು.

ಭಾನುವಾರ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿದೆ. ಅಕ್ಕ ಎಲ್ಲರಿಗಿಂತ ಮುಂದೆ ಕುಳಿತಳು. ಪಂಚೆಯ ಮೇಲೆ ಮದುಮಕ್ಕಳು ಬಂದರು, ಅಲುಗಾಡದೆ ಬಂದರು. ಮದುಮಗಳು ತಲೆಯೆತ್ತಿ ಪಕ್ಕಕ್ಕೆ ತಿರುಗಿದಳು.

“ಎಲ್ಲೇ ತಲಿ ಬಗ್ಗಿಸಿದ್ದಿ? ನನ್ನೇ ನೋಡಾಕತ್ತೀಯಲ್ಲ,” ಎಂದರು ಭಾವ.

“ನಿಮ್ಮನ್ನಲ್ಲ. ಬಾಸಿಂಗ ಸೊಟ್ಟ ಕಟ್ಟಿದ್ರು, ಅದನ್ನ ನೋಡಾಕತ್ತಿದ್ದೆ,” ಎಂದಳು ಅಕ್ಕ. ಬಾಸಿಂಗ ನಿಜಕ್ಕೂ ಸೊಟ್ಟಗಿತ್ತು.

ಸುರುಳಿ ಮುಗಿಯಿತು. ಈಗ ಸುಮ್ಮನಿದ್ದುಬಿಟ್ಟರೆ ಗೆಲುವು ನನ್ನದೇ. ಆದರೆ ಮಾಡದ ತಪ್ಪನ್ನು ಒಬ್ಬರ ಮೊಣಕಾಲಿನ ಮೇಲೆ ಹೊರಿಸಿ ಗೆದ್ದದ್ದು ಗೆಲುವಲ್ಲ. ಪೊಟ್ಟಣವನ್ನು ಭಾವನವರ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

“ಗೊತ್ತಿತ್ತು ಬಿಡಪ,” ಎಂದರು ಅವರು. “ಅವತ್ತು ಫಿಲ್ಮ್ ಮುಟ್ಟಿದಾಗ ಬೆರಳಿಗೆ ಬೆಳ್ಳಗ ಹತ್ತಿತ್ತು. ನಿಮ್ಮಪ್ಪಾರು ಎದುರಿಗೇ ಕುಂತಿದ್ರು. ಪೂಜಿ ಮಾಡಿದ ಇಬತ್ತಿಯಿಂದ ಮಷಿನ್ ಕೆಟ್ಟೈತಿ ಅಂತ ಮಾವನ ಮನಿಯಾಗ ಹೊಸಾ ಅಳಿಯ ಹೇಳಾಕ ಬರ್ತೈತೇನು? ಅದಕ್ಕ ನಿನ್ನ ಕೈ ಮ್ಯಾಲೆ ಹಾಕಿದೆ.”

“ಆಮೇಲಾದರೂ ಹೇಳಬೋದಿತ್ತಲ್ರಿ.”

“ಹೇಳಾಕ ನೀ ಎಲ್ಲಿ ನನ್ನ ಸಂಗಾಟ ಮಾತಾಡಿದಿ?”

ಭಾವನವರು ಪೊಟ್ಟಣ ಬಿಚ್ಚಿ, ಒಂದು ಚಿಟಿಕೆಯನ್ನು ಬೆರಳಲ್ಲಿ ಪುಡಿಮಾಡಿ ಹಣೆಗೆ ಹಚ್ಚಿಕೊಂಡರು. ಗೊತ್ತಿದ್ದೂ ಇಷ್ಟು ವರ್ಷ ಹೇಳದೆ ಇದ್ದುದನ್ನು ನಾನು ಸುಲಭಕ್ಕೆ ಮರೆಯುವವನಲ್ಲ. ಅದಕ್ಕೆ ತಕ್ಕ ಉತ್ತರವನ್ನೂ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಕ್ಕ ಹಿಂತಿರುಗಿಯೂ ನೋಡದೆ, “ನಿಮ್ಮ ಜಗಳ ಕಡೀಕ ಮಾಡ್ಕೊಳ್ರಿ. ತಮ್ಮಾ, ಮೊದಲಿಂದ ಹಾಕು,” ಎಂದಳು.

ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮೇಲೊಂದು ಬಾಗು, ಕೆಳಗೊಂದು ಬಾಗು ಬಿಟ್ಟು, ಮತ್ತೆ ಪೋಣಿಸಿದೆ. ಭಾವನವರು ಟಾರ್ಚು ಹಿಡಿದರು.